10,200 ರೂಪಾಯಿಗೆ ನಾನೂ ಓಟಗಾರ್ತಿ: ಆಟದ ಡಿಎನ್‌ಎ ಟೆಸ್ಟ್ ಮಾಡಿಸಿ ನೋಡಿದೆ

ನನಗೆ 43 ವರ್ಷ. ಮೆಟ್ಟಿಲು ಹತ್ತಿದರೆ ಎಡ ಮೊಣಕಾಲು ಕಟಕ್ ಅನ್ನುತ್ತದೆ. ಕೊನೆಯ ಸಲ ಓಡಿದ್ದು ಎರಡು ವರ್ಷದ ಹಿಂದೆ, ಬಳ್ಳಾರಿ ಸ್ಟೇಷನ್ನಿನಲ್ಲಿ, ಹುಬ್ಬಳ್ಳಿ ಕಡೆಯ ರೈಲು ಹಿಡಿಯಲು. ರೈಲು ಹೋಯಿತು, ನಾನು ಉಳಿದೆ. ಇಂಥ ನಾನು "ಹುಟ್ಟು ಸ್ಪ್ರಿಂಟರ್" ಅಂತೆ. ಹಾಗಂತ 38 ಪುಟದ ಬಣ್ಣದ ರಿಪೋರ್ಟ್ ಬಂದಿದೆ. ಮನೆಯವರ ನಗು ಇನ್ನೂ ನಿಂತಿಲ್ಲ. ಒಲೆ ಮೇಲೆ ಹಾಲು ಉಕ್ಕಿದರೆ ಸಾಕು, "ಓಡು ಓಡು, ನಿನ್ನ ಜೀನ್‌ನಲ್ಲೇ ಇದೆ" ಅನ್ನುತ್ತಾರೆ.

ಇದು ಮಕ್ಕಳಿಗೆ ಯಾವ ಆಟ ಒಗ್ಗುತ್ತದೆ ಎಂದು ಹೇಳುವ ಡಿಎನ್‌ಎ ಟೆಸ್ಟ್ ಕಿಟ್‌ನ ರಿವ್ಯೂ. ಬೇಸಿಗೆ ಕ್ಯಾಂಪ್‌ಗಳಲ್ಲಿ ಇವುಗಳ ಮಾರಾಟ ಶುರುವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ, ಕೋಚ್ ಹೆಸರೂ ಬೇಡ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಾಳೆ ಅದೇ ಕೋಚ್ ನಮ್ಮ ಲ್ಯಾಬಿಗೆ ಶುಗರ್ ನೋಡಿಸಲು ಬರುತ್ತಾರೆ, ನಾನೇ ಸೂಜಿ ಚುಚ್ಚಬೇಕು.

ಹೌದು, ನಾನು ಲ್ಯಾಬ್ ಟೆಕ್ನಿಷಿಯನ್. ವಿಮ್ಸ್ ಆಸ್ಪತ್ರೆ ಕಡೆ ಇರುವ ಒಂದು ಖಾಸಗಿ ಲ್ಯಾಬಿನಲ್ಲಿ 19 ವರ್ಷದಿಂದ ರಕ್ತ ತೆಗೆಯುವುದು, ಸ್ಯಾಂಪಲ್ ಓಡಿಸುವುದು, ರಿಪೋರ್ಟ್ ಪ್ರಿಂಟ್ ಹಾಕುವುದು ನನ್ನ ಕೆಲಸ. ಹಾಗಾಗಿ ಕಿಟ್ ಬಗ್ಗೆ ಎರಡು ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಹಕ್ಕು ಇಲ್ಲದಿದ್ದರೂ ದುಡ್ಡು ಕೊಟ್ಟಿದ್ದೇನೆ.

ಮೊದಲು ಇದು ನಮ್ಮ ಮನೆಗೆ ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ಮಗಳಿಗೆ 13 ವರ್ಷ. ಐದಡಿ ಆರಿಂಚು ಎತ್ತರ. ಬಣ್ಣದಲ್ಲಿ, ಕಾಲಿನ ಉದ್ದದಲ್ಲಿ ಪೂರಾ ಅವಳ ಅಜ್ಜಿ, ನಮ್ಮ ಅತ್ತೆ. ಅತ್ತೆ ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕಿ ಬದುಕು ಕಳೆದವರು, ಎಣ್ಣೆಗಪ್ಪು, ನೆಟ್ಟಗೆ ತಾಳೆ ಮರದ ಹಾಗೆ ನಡೆಯುತ್ತಿದ್ದರು. ನಾನು ಗೋಧಿ ಬಣ್ಣ, ಕುಳ್ಳಿ. ಮಗಳ ಜೊತೆ ನಿಂತರೆ "ನಿಮ್ಮ ಮಗಳೇನಾ?" ಅಂತ ಕೇಳುವವರು ಇದ್ದಾರೆ. ಈ ವಿವರ ಸುಮ್ನೆ ಬರೆದಿದ್ದಲ್ಲ, ಮುಂದೆ ಬೇಕಾಗುತ್ತದೆ.

ಏಪ್ರಿಲ್‌ನಲ್ಲಿ ಕ್ಯಾಂಪ್‌ಗೆ ಸೇರಿಸಿದೆವು. ಬೆಳಗ್ಗೆ ಆರಕ್ಕೆ ಶುರು, ಎಂಟೂವರೆಗೆ ಮುಗಿಸಲೇಬೇಕು, ಆಮೇಲೆ ಬಳ್ಳಾರಿ ಬಿಸಿಲಲ್ಲಿ ಮೈದಾನದ ಮಣ್ಣು ಬಾಣಲೆ. ಅವಳು ಹೋಗಿದ್ದು ವಾಲಿಬಾಲ್‌ಗೆ. ಮೂರನೇ ದಿನಕ್ಕೆ ಕೋಚ್ ಅವಳಿಗೆ ಹೆಸರಿಟ್ಟರು: ಜಮೈಕಾ. ಉಸೇನ್ ಬೋಲ್ಟ್‌ನಂಥ ಕಪ್ಪು ಓಟಗಾರರ ದೇಶ. "ಏ ಜಮೈಕಾ, ಬಾ ಇಲ್ಲಿ." "ಜಮೈಕಾ, ಎರಡು ರೌಂಡ್ ಹಾಕು." ಹುಡುಗರೆಲ್ಲ ಅದೇ ಹಿಡಿದುಕೊಂಡರು. ನಾನು ಬಿಡಲು ಹೋದಾಗ ಕೋಚ್ ಗೇಟ್ ಹತ್ತಿರ ಬಂದು ಹೇಳಿದ್ದು ಹೀಗೆ:

"ಮೇಡಂ, ಇವಳನ್ನ ವಾಲಿಬಾಲ್‌ನಾಗೆ ಯಾಕೆ ವೇಸ್ಟ್ ಮಾಡ್ತೀರಿ? ಬಾಡಿ ನೋಡ್ರಿ, ಕಲರ್ ನೋಡ್ರಿ. ಇದು ಆಫ್ರಿಕನ್ ಮಸಲ್. ನೂರು ಮೀಟರ್, ಇನ್ನೂರು ಮೀಟರ್‌ಗೆ ಹಾಕ್ರಿ. ಯಲ್ಲಾಪುರ ಕಡೆ ಸಿದ್ದಿ ಹುಡುಗ್ರನ್ನ ನೋಡಿಲ್ಲೇನು? ರಕ್ತದಾಗೇ ಇರ್ತೈತೆ ಅದು."

ಮರುದಿನವೇ ಕೈಗೆ ಪಾಂಪ್ಲೆಟ್. ಒಂದು ಕಿಟ್ 6,800 ರೂಪಾಯಿ, ಎರಡನೆಯದು ಅರ್ಧ ಬೆಲೆಗೆ. ಒಟ್ಟು 10,200. ಅರ್ಧ ಬೆಲೆ ಅಂದರೆ ನನಗೆ ಕೈ ನಿಲ್ಲುವುದಿಲ್ಲ, ಗೊತ್ತಲ್ಲ. ಎರಡನೇ ಕಿಟ್ ಯಾರಿಗೆ ಅಂತ ಯೋಚಿಸದೇ ತಗೊಂಡೆ. ಮನೆಯವರು ಹಲ್ಲು ನೋವು ಅಂತ ತಪ್ಪಿಸಿಕೊಂಡರು. ಹೀಗೆ ನಾನೇ ಆಟಗಾರ್ತಿಯಾದೆ.

ಇನ್ನು ಕಿಟ್. ಡಬ್ಬಿ ಅಂತೂ ಭರ್ಜರಿ. ದಪ್ಪ ರಟ್ಟು, ಮುಚ್ಚಳಕ್ಕೆ ಮ್ಯಾಗ್ನೆಟ್, ತೆರೆದರೆ ಟಪ್ ಅಂತ ಸದ್ದು. ಒಳಗೆ ಎರಡು ಸ್ವಾಬ್ ಕಡ್ಡಿ, ಕೋವಿಡ್ ಟೈಮಲ್ಲಿ ಮೂಗಿಗೆ ಹಾಕುತ್ತಿದ್ದರಲ್ಲ, ಅಂಥವೇ. ದ್ರವ ತುಂಬಿದ ಸಣ್ಣ ಟ್ಯೂಬು, ಬಾರ್‌ಕೋಡ್ ಸ್ಟಿಕ್ಕರ್, ಒಪ್ಪಿಗೆ ಪತ್ರ, ಕೊರಿಯರ್ ಕವರ್. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ಕೆನ್ನೆಯ ಒಳಭಾಗಕ್ಕೆ ಅರ್ಧ ನಿಮಿಷ ಉಜ್ಜಬೇಕು. ಸ್ವಾಬ್ ಗುಣಮಟ್ಟ ಚೆನ್ನಾಗಿದೆ, ನೂಲು ಬಿಡುವುದಿಲ್ಲ. ಟ್ಯೂಬ್ ಮುಚ್ಚಳ ಸೋರಲಿಲ್ಲ. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಒಪ್ಪಿಗೆ ಪತ್ರಕ್ಕೆ ಮಾತ್ರ ಸೊನ್ನೆ. ಇಂಗ್ಲಿಷಿನಲ್ಲೇ ಇದೆ, ಅಕ್ಷರ ಸಾಸಿವೆ ಕಾಳಿನಷ್ಟು. ಸ್ಯಾಂಪಲ್‌ನಿಂದ ಸಿಕ್ಕ ಮಾಹಿತಿಯನ್ನು "ಸಂಶೋಧನೆಗೆ" ಬಳಸಬಹುದು ಅನ್ನುವ ಸಾಲಿಗೆ ಮೊದಲೇ ಟಿಕ್ ಹಾಕಿಟ್ಟಿದ್ದಾರೆ. 13 ವರ್ಷದ ಮಗುವಿನ ಜೀನ್ ಮಾಹಿತಿ ಯಾರ ಕೈಗೆ ಹೋಗುತ್ತದೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಅನ್ನುವುದು ಎಲ್ಲೂ ಇಲ್ಲ. ನಾನು ಟಿಕ್ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿ ಕಳಿಸಿದೆ. ನೀವೂ ಹಾಗೇ ಮಾಡಿ.

ಹದಿನೈದು ದಿನ ಅಂದಿದ್ದರು, 24 ದಿನಕ್ಕೆ ರಿಪೋರ್ಟ್ ಬಂತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಹಿಂದಿ, ಇಂಗ್ಲಿಷ್ ಮಾತ್ರ. ಬಳ್ಳಾರಿಯಲ್ಲಿ ಕಡ್ಲೆಕಾಯಿ ಮಾರುವವನೂ ಕನ್ನಡ, ತೆಲುಗು, ಉರ್ದು ಮೂರರಲ್ಲಿ ವ್ಯಾಪಾರ ಮಾಡುತ್ತಾನೆ. ಹೋಗಲಿ ಬಿಡಿ.

38 ಪುಟದಲ್ಲಿ ನಮ್ಮ ಬಗ್ಗೆ ಇರುವುದು ಎಂಟೋ ಒಂಬತ್ತೋ ಪುಟ. ಉಳಿದದ್ದು ನೀರು ಕುಡಿಯಿರಿ, ನಿದ್ದೆ ಮಾಡಿ. ಮುಖ್ಯ ಪುಟ ಎಸಿಟಿಎನ್3 ಅನ್ನುವ ಜೀನ್‌ನದ್ದು. ಅದನ್ನೊಂದು ಅರ್ಥ ಮಾಡಿಕೊಂಡರೆ ಈ ಟೆಸ್ಟ್‌ನ ಹೂರಣ ಏನು ಅಂತ ಗೊತ್ತಾಗುತ್ತದೆ.

ನಮ್ಮ ಮಾಂಸಖಂಡದಲ್ಲಿ ಬೇಗ ಎಳೆದುಕೊಳ್ಳುವ ನಾರು, ನಿಧಾನಕ್ಕೆ ಎಳೆದುಕೊಳ್ಳುವ ನಾರು ಅಂತ ಇವೆ. ಬೇಗದ ನಾರಿನಲ್ಲಿ ಇರುವ ಒಂದು ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. ಜೀನ್‌ನಲ್ಲಿ ಆರ್ ಅಂತ ಒಂದು ನಮೂನೆ, ಎಕ್ಸ್ ಅಂತ ಇನ್ನೊಂದು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಎಕ್ಸ್ ಆದರೆ ಆ ಪ್ರೋಟೀನ್ ತಯಾರಾಗುವುದೇ ಇಲ್ಲ. ಅದರಿಂದ ಕಾಯಿಲೆ ಏನೂ ಇಲ್ಲ, ಜಗತ್ತಿನಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಹಾಗೇ ಇದ್ದಾರೆ. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಉನ್ನತ ಮಟ್ಟದ ಸ್ಪ್ರಿಂಟರ್‌ಗಳಲ್ಲಿ ಎಕ್ಸ್‌ಎಕ್ಸ್ ಇರುವವರು ತೀರಾ ಕಡಿಮೆ ಅಂತ ಕಂಡುಕೊಂಡರು. ಅಷ್ಟೇ ಸಾಕಾಯಿತು. "ವೇಗದ ಜೀನ್" ಅಂತ ಹೆಸರು ಬಿತ್ತು, ಕಿಟ್ ಮಾರುವವರು ಹುಟ್ಟಿಕೊಂಡರು.

ಆದರೆ ಲಾರಿ ಓಡಿಸಲು ಕಣ್ಣು ಬೇಕು ಅಂದ ಮಾತ್ರಕ್ಕೆ ಕಣ್ಣಿದ್ದವರೆಲ್ಲ ಸಂಡೂರಿನ ಗಣಿಯಿಂದ ಅದಿರು ಲಾರಿ ಇಳಿಸುತ್ತಾರಾ? ಜಮೈಕಾದಲ್ಲೇ ಇದನ್ನು ನೋಡಿದ್ದಾರೆ. ಅಲ್ಲಿನ ದೊಡ್ಡ ದೊಡ್ಡ ಓಟಗಾರರ ಜೀನನ್ನೂ, ಓಡದ ಮಾಮೂಲಿ ಜನರ ಜೀನನ್ನೂ ಹೋಲಿಸಿದರೆ ಈ ವಿಷಯದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಅಂದರೆ ಬೋಲ್ಟ್ ಹತ್ತಿರ ಇರುವ ಜೀನ್ ಕಿಂಗ್‌ಸ್ಟನ್‌ನಲ್ಲಿ ಬಸ್ಸಿಗೆ ಟಿಕೆಟ್ ಕೊಡುವವನ ಹತ್ತಿರವೂ ಇರಬಹುದು. ಜಮೈಕಾದ ಹಾಗೆ ಕೆನ್ಯಾದಲ್ಲೂ ಎಕ್ಸ್‌ಎಕ್ಸ್ ಇರುವವರು ಬಲು ಅಪರೂಪ. ಆದರೆ ಕೆನ್ಯಾದವರು ಗೆಲ್ಲುವುದು ಮ್ಯಾರಥಾನ್, ನೂರು ಮೀಟರ್ ಅಲ್ಲ. ಒಂದೇ ಜೀನ್ ಇಟ್ಟುಕೊಂಡು ಒಬ್ಬರು ಹತ್ತು ಸೆಕೆಂಡು ಓಡುತ್ತಾರೆ, ಇನ್ನೊಬ್ಬರು ಎರಡು ಗಂಟೆ ಓಡುತ್ತಾರೆ. ಮತ್ತೆ ಸ್ಪೇನ್‌ನ ಒಬ್ಬ ಉದ್ದಜಿಗಿತಗಾರ ಎಕ್ಸ್‌ಎಕ್ಸ್ ಇಟ್ಟುಕೊಂಡೇ ಒಲಿಂಪಿಕ್ಸ್‌ಗೆ ಹೋದ. 2015ರಲ್ಲಿ ಕ್ರೀಡಾ ವೈದ್ಯರು, ಜೀನ್ ತಜ್ಞರು ಒಟ್ಟಾಗಿ ಹೇಳಿಕೆ ಕೊಟ್ಟರು: ಹೀಗೆ ನೇರ ಜನರಿಗೆ ಮಾರುವ ಟೆಸ್ಟ್‌ಗಳಿಂದ ಮಕ್ಕಳ ಪ್ರತಿಭೆ ಗುರುತಿಸಲು ಆಗುವುದಿಲ್ಲ, ಬಳಸಬೇಡಿ ಅಂತ. ಪಾಂಪ್ಲೆಟ್‌ನಲ್ಲಿ ಇದರ ಸುದ್ದಿ ಇಲ್ಲ.

ನಮ್ಮ ಫಲಿತಾಂಶ ಹೇಳುತ್ತೇನೆ. ನಾನು ಆರ್‌ಆರ್. ಮಗಳು ಆರ್‌ಎಕ್ಸ್.

ನನ್ನ ರಿಪೋರ್ಟ್‌ನ ಆರನೇ ಪುಟದಲ್ಲಿ ಕಪ್ಪು ಮೈಯ ಓಟಗಾರನೊಬ್ಬ ಬ್ಲಾಕ್‌ನಿಂದ ಚಿಮ್ಮುವ ಚಿತ್ರ. ತೊಡೆಯ ನರಗಳೆಲ್ಲ ಹಗ್ಗದ ಹಾಗೆ ಎದ್ದಿವೆ, ಮುಖ ಕಾಣಿಸದ ಹಾಗೆ ಮೇಲೆ ಕತ್ತರಿಸಿದ್ದಾರೆ. ಕೆಳಗೆ ನನ್ನ ಹೆಸರು, "ಎಲೈಟ್ ಪವರ್ ಪ್ರೊಫೈಲ್". ಮಗಳ ಪುಟದಲ್ಲಿ ಹಸಿರು ಗುಡ್ಡದಲ್ಲಿ ಸೈಕಲ್ ಹೊಡೆಯುವ ಬಿಳಿ ದಂಪತಿ, "ಮಿಶ್ರ ಪ್ರೊಫೈಲ್".

ಕೋಚ್ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. ನನ್ನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ, ಸ್ಯಾಂಪಲ್ ಅದಲುಬದಲು ಆಗೈತೆ ಕಾಣಸ್ತದೆ" ಅಂದರು.

ನೋಡಿ, ನನಗೆ ಏನು ಬೇಕಾದರೂ ಹೇಳಿ. ಅಡುಗೆಯಲ್ಲಿ ಉಪ್ಪಿಲ್ಲ ಅನ್ನಿ, ದಪ್ಪ ಆಗಿದ್ದೀಯ ಅನ್ನಿ. ಸ್ಯಾಂಪಲ್ ಅದಲುಬದಲು ಅಂದರೆ ಮಾತ್ರ ಕೇಳಿಸಿಕೊಂಡು ಸುಮ್ಮನಿರಲಾರೆ. ಎರಡೂ ಬಾರ್‌ಕೋಡ್ ನಂಬರನ್ನು ಕಳಿಸುವ ಮೊದಲೇ ಡೈರಿಯಲ್ಲಿ ಬರೆದಿಟ್ಟಿದ್ದೆ. ತೋರಿಸಿದೆ. ಸರಿಯಾಗಿಯೇ ಇತ್ತು. ಆಗ ಅವರು, "ಹಂಗಾದ್ರೆ ಅವರ ಲ್ಯಾಬ್‌ನಾಗೆ ತಪ್ಪಾಗಿರ್ಬೇಕು" ಅಂದರು.

ರಾತ್ರಿ ಪಾತ್ರೆ ತೊಳೆಯುವಾಗ ಇದೇ ತಲೆಯಲ್ಲಿ ಕೂತಿತ್ತು. ಈ ಮನುಷ್ಯ ತಾನೇ ಮಾರಿದ ಟೆಸ್ಟನ್ನು ತಾನೇ ನಂಬಲಿಲ್ಲ. ರಿಪೋರ್ಟು ಮಗಳ ಮೈಬಣ್ಣಕ್ಕೆ ತಾಳೆಯಾಗಿದ್ದರೆ ಅದು ಸೈನ್ಸ್. ತಾಳೆಯಾಗದಿದ್ದರೆ ಲ್ಯಾಬ್ ತಪ್ಪು. ಹಾಗಿದ್ದರೆ 10,200 ರೂಪಾಯಿ ಕೊಟ್ಟು ನಾನು ಕೊಂಡಿದ್ದೇನು? ಅವರು ಮೊದಲ ದಿನ ಗೇಟ್ ಹತ್ತಿರ ಪುಕ್ಕಟೆ ಹೇಳಿದ್ದ ಮಾತಿಗೆ ಒಂದು ಸೀಲು.

ಇದು ಹೊಸ ಚಾಳಿಯೂ ಅಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದಾಗ ಅಮೆರಿಕದಲ್ಲಿ ಕರಿಯರ ಹಿಮ್ಮಡಿ ಮೂಳೆ ಉದ್ದ, ಮೀನಖಂಡ ಬೇರೆ ಥರ, ಅದಕ್ಕೇ ಓಡುತ್ತಾರೆ ಅಂತ ಮಾತು ಹಬ್ಬಿತ್ತು. ಮೊಂಟೇಗ್ ಕಾಬ್ ಅಂತ ಒಬ್ಬ ಕರಿಯ ವೈದ್ಯ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು, ಬರೀ ಮಾತು ಯಾಕೆ ಅಂತ ಓವೆನ್ಸ್‌ರನ್ನೇ ಕರೆಸಿ ಕಾಲು ಅಳೆದರು. ಆ ಕಾಲದ ಪುಸ್ತಕಗಳ ಲೆಕ್ಕದಲ್ಲೇ ನೋಡಿದರೂ ಓವೆನ್ಸ್‌ರ ಮೀನಖಂಡ "ಬಿಳಿಯರ ನಮೂನೆ"ಯದ್ದಾಗಿತ್ತು. ಅದನ್ನು ಬರೆದು ಪ್ರಕಟಿಸಿದರು. ಟೇಪು ಹಿಡಿದು ಅಳೆದ ಮೇಲೂ ಜನ ಕಣ್ಣಿಗೆ ಕಂಡ ಬಣ್ಣವನ್ನೇ ನಂಬಿದರು. ಅವರ ಟೇಪು, ನಮ್ಮ ಸ್ವಾಬು.

ರಿಪೋರ್ಟ್‌ನ 21ನೇ ಪುಟದ ಬಗ್ಗೆ ಬೇರೆಯೇ ಹೇಳಬೇಕು. "ಜನಾಂಗ ಮತ್ತು ಆಟ" ಅಂತ ಒಂದು ಟೇಬಲ್. ಆಫ್ರಿಕಾ ಮೂಲದವರಿಗೆ ಓಟ, ಬಾಕ್ಸಿಂಗ್, ಬಾಸ್ಕೆಟ್‌ಬಾಲ್. ಪೂರ್ವ ಏಷ್ಯಾದವರಿಗೆ ಟೇಬಲ್ ಟೆನಿಸ್, ಜಿಮ್ನಾಸ್ಟಿಕ್ಸ್. ದಕ್ಷಿಣ ಏಷ್ಯಾ ಅಂದರೆ ನಮಗೆ ಹಾಕಿ, ಕ್ರಿಕೆಟ್, ಚೆಸ್. ಯುರೋಪಿನವರಿಗೆ ಈಜು, ಮತ್ತು "ತಂತ್ರಗಾರಿಕೆಯ ಆಟಗಳು". ಆ ಕೊನೆಯ ಎರಡು ಪದವನ್ನು ನಾನು ಪೆನ್ನಿನಿಂದ ಸುತ್ತಿ ಇಟ್ಟಿದ್ದೇನೆ.

ಈಜಿನ ಕಥೆ ಕೇಳಿ. 1987ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ದೊಡ್ಡ ಅಧಿಕಾರಿ ಅಲ್ ಕ್ಯಾಂಪಾನಿಸ್ ಟಿವಿಯಲ್ಲಿ ಕೂತು, ಕರಿಯರು ಒಳ್ಳೆಯ ಈಜುಗಾರರಾಗದಿರುವುದಕ್ಕೆ ಅವರ ಮೈ ನೀರಲ್ಲಿ ತೇಲದಿರುವುದೇ ಕಾರಣ ಅಂದರು. ತಂಡ ನಡೆಸುವ ಕೆಲಸಕ್ಕೆ ಬೇಕಾದದ್ದು ಅವರಲ್ಲಿ ಇಲ್ಲದಿರಬಹುದು ಅಂತಲೂ ಅಂದರು. ಎರಡೇ ದಿನದಲ್ಲಿ ಕೆಲಸ ಹೋಯಿತು. ಮರುವರ್ಷ ಸೋಲ್ ಒಲಿಂಪಿಕ್ಸ್. ನೂರು ಮೀಟರ್ ಬಟರ್‌ಫ್ಲೈ ಫೈನಲ್. ಸುರಿನಾಮ್ ಅನ್ನುವ ಪುಟ್ಟ ದೇಶದ ಆಂಟನಿ ನೆಸ್ಟಿ, ಕಪ್ಪು ಹುಡುಗ, ಅಮೆರಿಕದ ಮ್ಯಾಟ್ ಬಿಯಾಂಡಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಸೋಲಿಸಿದ. 53.00ಕ್ಕೆ 53.01. ಅವನ ಇಡೀ ದೇಶದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ ಇದ್ದದ್ದು ಒಂದೇ ಒಂದು. ಪೂರ್ವ ಏಷ್ಯಾದವರು ಓಡಲಾರರು ಅನ್ನುವವರಿಗೆ ಚೀನಾದ ಸು ಬಿಂಗ್‌ಟಿಯಾನ್ ಇದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನ ನೂರು ಮೀಟರ್ ಸೆಮಿಫೈನಲ್‌ನಲ್ಲಿ 9.83 ಸೆಕೆಂಡು, ಎತ್ತರ ನಮ್ಮ ಮನೆಯವರಷ್ಟೇ.

ನಮ್ಮ ಲ್ಯಾಬಿನ ಕೆಲಸಕ್ಕೆ ಹತ್ತಿರದ್ದು ಇನ್ನೊಂದಿದೆ. ಕಿಡ್ನಿ ಟೆಸ್ಟ್‌ನಲ್ಲಿ ಇಜಿಎಫ್‌ಆರ್ ಅಂತ, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅನ್ನುವ ಒಂದು ಲೆಕ್ಕ ಬರುತ್ತದೆ. ಅಮೆರಿಕದಲ್ಲಿ ಮಾಡಿದ ಹಳೆಯ ಸೂತ್ರದಲ್ಲಿ ರೋಗಿ ಕರಿಯರಾದರೆ ಉತ್ತರವನ್ನು ಸ್ವಲ್ಪ ಜಾಸ್ತಿ ಮಾಡುವ ಗುಣಾಕಾರ ಇತ್ತು. 2021ರಲ್ಲಿ ಅದನ್ನು ತೆಗೆದುಹಾಕಿ ಹೊಸ ಸೂತ್ರ ಬಂತು. ಅದೇ 2021ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ ಕೂಡ ಒಂದು ಲೆಕ್ಕ ಬಿಡುವುದಾಗಿ ಒಪ್ಪಿಕೊಂಡಿತು. ತಲೆಗೆ ಪೆಟ್ಟು ಬಿದ್ದು ಬುದ್ಧಿ ಮಂಕಾದ ಹಳೆಯ ಆಟಗಾರರಿಗೆ ಪರಿಹಾರ ಕೊಡುವಾಗ, ಕರಿಯ ಆಟಗಾರರ ಬುದ್ಧಿಶಕ್ತಿ ಮೊದಲಿನಿಂದಲೂ ಕಡಿಮೆಯೇ ಇತ್ತು ಎಂದು ಹಿಡಿದು ಲೆಕ್ಕ ಹಾಕುತ್ತಿದ್ದರು. ಹಾಗಾಗಿ ಅವರಿಗೆ ಎಷ್ಟು ಮಂಕಾದರೂ "ನಾರ್ಮಲ್" ಅಂತ ಬರುವ ಸಾಧ್ಯತೆ ಜಾಸ್ತಿ, ದುಡ್ಡು ಸಿಗುವುದು ಕಷ್ಟ. ರಿಪೋರ್ಟ್‌ನ ಬಲಗಡೆ ಕಾಲಂನಲ್ಲಿ "ನಾರ್ಮಲ್ ರೇಂಜ್" ಅಂತ ಇರುತ್ತಲ್ಲ, ದಿನಾ ನೂರು ಸಲ ನಾನೇ ಪ್ರಿಂಟ್ ಹಾಕುತ್ತೇನೆ. ಅದನ್ನು ಯಾರು ಕೂತು ಬರೆದರು ಅಂತ ಒಂದು ದಿನವೂ ಕೇಳಿರಲಿಲ್ಲ.

ಮತ್ತೆ ವಾಲಿಬಾಲ್‌ಗೆ ಬರೋಣ. ನನ್ನ ಮಗಳಿಗೆ ಬೇಕಿದ್ದದ್ದು ಸೆಟ್ಟರ್ ಜಾಗ. ವಾಲಿಬಾಲ್ ಗೊತ್ತಿಲ್ಲದವರಿಗೆ: ಎದುರಿನವರ ಚೆಂಡು ನಮ್ಮ ಕಡೆ ಬಂದ ಮೇಲೆ ಎರಡನೇ ಕೈ ಮುಟ್ಟುವವಳು ಸೆಟ್ಟರ್. ಯಾರಿಗೆ ಎತ್ತಿಕೊಡಬೇಕು, ಎಡಕ್ಕೋ ಬಲಕ್ಕೋ ಹಿಂದಕ್ಕೋ, ಎಷ್ಟು ಎತ್ತರ, ಎಲ್ಲ ಅವಳದ್ದೇ ತೀರ್ಮಾನ. ಟೈಮ್ ಅರ್ಧ ಸೆಕೆಂಡು. ನನ್ನ ಮಗಳು ರಾತ್ರಿ ಮಲಗಿದಾಗಲೂ ಚೆಂಡನ್ನು ಹತ್ತು ಬೆರಳ ತುದಿಯಲ್ಲಿ ಎತ್ತಿ ಎತ್ತಿ ಹಿಡಿಯುತ್ತಾಳೆ. ಫ್ಯಾನಿಗೆ ತಗುಲಿ ಒಂದು ರೆಕ್ಕೆ ಸೊಟ್ಟಗಾಗಿದೆ. ಕ್ಯಾಂಪ್‌ನಲ್ಲಿ ಕೇಳಿದ್ದಕ್ಕೆ ಕೋಚ್, "ಸೆಟ್ಟರ್‌ಗೆ ತಲೆ ಓಡ್ಬೇಕಮ್ಮಾ, ನಿನ್ನದು ಕಾಲು ಓಡೋ ಬಾಡಿ. ನೀನು ಹೊಡಿ, ಇಲ್ಲಾ ಓಡು" ಅಂದರಂತೆ. ಸೆಟ್ಟರ್ ಜಾಗಕ್ಕೆ ಹಾಕಿದ್ದು ಒಬ್ಬ ಡಾಕ್ಟರ ಮಗಳನ್ನು. ಆ ಹುಡುಗಿ ಪಾಪ ಒಳ್ಳೆಯವಳು, ಆದರೆ ಅವಳಿಗೆ ಹೊಡೆಯುವ ಆಸೆ. ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡಲು ತಯಾರಿದ್ದರು, ಕೋಚ್ ಒಪ್ಪಲಿಲ್ಲ.

ಆ ದಿನ ಸ್ಕೂಟರ್ ಹಿಂದೆ ಕೂತು, ದುರ್ಗಮ್ಮನ ಗುಡಿ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಮ್ಮಾ, ಜಮೈಕಾದಲ್ಲಿ ವಾಲಿಬಾಲ್ ಆಡಲ್ವಾ?"

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಂದು ಜಾಗ, ಹೆಚ್ಚುಕಡಿಮೆ ನಮ್ಮ ಸೆಟ್ಟರ್ ಇದ್ದ ಹಾಗೆ. ಚೆಂಡು ಯಾರಿಗೆ ಅನ್ನುವುದು ಅವನ ತೀರ್ಮಾನ. ಬಹಳ ವರ್ಷ ಆ ಜಾಗ ಬಿಳಿಯರದ್ದೇ. ಕಾಲೇಜಿನಲ್ಲಿ ಆ ಜಾಗದಲ್ಲಿ ಚೆನ್ನಾಗಿ ಆಡಿದ ಕರಿಯ ಹುಡುಗರಿಗೂ ದೊಡ್ಡ ಲೀಗ್‌ಗೆ ಬಂದಾಗ "ನೀನು ಓಡುವವನು, ಹಿಡಿಯುವವನು" ಅಂತ ಜಾಗ ಬದಲಿಸುತ್ತಿದ್ದರು. ವಾರನ್ ಮೂನ್ ಬದಲಿಸಲು ಒಪ್ಪಲಿಲ್ಲ. 1978ರಲ್ಲಿ ಎನ್‌ಎಫ್‌ಎಲ್‌ನ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಕೆನಡಾಕ್ಕೆ ಹೋಗಿ ಅಲ್ಲಿನ ಕಪ್ ಅನ್ನು ಸತತ ಐದು ವರ್ಷ ಗೆದ್ದ ತಂಡದಲ್ಲಿ ಆಡಿದರು. 1984ರಲ್ಲಿ ಎನ್‌ಎಫ್‌ಎಲ್‌ನವರೇ ಕರೆದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಕಾಮೆಂಟರಿಯಲ್ಲೂ ಇದೇ. 2020ರಲ್ಲಿ ಯುರೋಪಿನ 80 ಫುಟ್‌ಬಾಲ್ ಪಂದ್ಯಗಳ ಇಂಗ್ಲಿಷ್ ಕಾಮೆಂಟರಿ ಕೇಳಿ ಲೆಕ್ಕ ಹಾಕಿದರು. ತಿಳಿ ಮೈಬಣ್ಣದವರನ್ನು ಬುದ್ಧಿವಂತಿಕೆಗೆ, ಗಾಢ ಮೈಬಣ್ಣದವರನ್ನು ಶಕ್ತಿ ವೇಗಕ್ಕೆ ಹೊಗಳಿದ್ದು ಜಾಸ್ತಿ. ಹೊಗಳಿಕೆಯೇ ತಾನೆ ಅನ್ನಬಹುದು. ನನ್ನ ಮಗಳಿಗೂ ಕೋಚ್ ಹೊಗಳಿದ್ದೇ.

"ಪ್ರೀತಿಯಿಂದ ಕರೀತೀನಿ ಮೇಡಂ" ಅಂದರು, ಜಮೈಕಾ ಅನ್ನಬೇಡಿ ಅಂತ ನಾನು ಹೇಳಿದಾಗ. ಇರಬಹುದು. ಕೆಟ್ಟ ಮನುಷ್ಯ ಅಲ್ಲ ಅವರು, ಮಳೆ ಬಂದ ದಿನ ತಮ್ಮ ಗಾಡಿಯಲ್ಲೇ ಹುಡುಗಿಯರನ್ನು ಮನೆಗೆ ಬಿಟ್ಟಿದ್ದಾರೆ. ಡ್ಯಾರೆನ್ ಸಾಮಿ ನೆನಪಾದರು. ವೆಸ್ಟ್ ಇಂಡೀಸ್‌ಗೆ 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಐಪಿಎಲ್ ಆಡುವಾಗ ಅವರನ್ನು "ಕಾಲೂ" ಅನ್ನುತ್ತಿದ್ದರಂತೆ. ಬಲಶಾಲಿ ಅನ್ನುವ ಅರ್ಥ ಅಂದುಕೊಂಡು ಅವರೂ ನಗುತ್ತಿದ್ದರು. 2020ರಲ್ಲಿ "ಕರಿಯ" ಅನ್ನುವ ನಿಜವಾದ ಅರ್ಥ ತಿಳಿದಾಗ ಬೇಸರದಿಂದ ವಿಡಿಯೋ ಮಾಡಿ ಹಾಕಿದರು. ಪ್ರೀತಿಯಿಂದಲೇ ಅಂದಿದ್ದು ಅಂತ ಆಮೇಲೆ ಅವರಿಗೂ ಒಬ್ಬ ಆಟಗಾರ ಹೇಳಿದರಂತೆ.

ಇನ್ನು ಕೋಚ್ ಹೇಳಿದ ಸಿದ್ದಿಗಳ ವಿಷಯ. ಅದು ಅರ್ಧ ನಿಜ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲ್, ಊಟ, ಓದು, ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು, ಓಡುತ್ತಾರೆ ಅನ್ನುವುದೇ ಆಗಲೂ ಲೆಕ್ಕಾಚಾರ. ಕಮಲಾ ಸಿದ್ದಿಯಂಥ ಹರ್ಡಲ್ಸ್ ಓಟಗಾರ್ತಿ ಬಂದರು, ಇನ್ನೂ ಕೆಲವರು ಹೆಸರು ಮಾಡಿದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಮಕ್ಕಳು ಕಾಡಿನ ಊರುಗಳಿಗೆ ವಾಪಸಾದರು, ಪದಕವೂ ನಿಂತಿತು. ರಕ್ತ ಎಲ್ಲಿಗೂ ಹೋಗಿರಲಿಲ್ಲ. ಹಾಸ್ಟೆಲ್ ಮುಚ್ಚಿತ್ತು. ಜಮೈಕಾದಲ್ಲಿ ಶಾಲಾ ಮಕ್ಕಳ ದೊಡ್ಡ ಕೂಟ ಅಂತ 1910ರಿಂದ ನಡೆಸಿಕೊಂಡು ಬಂದಿದ್ದಾರೆ, ಸ್ಟೇಡಿಯಂ ತುಂಬಾ ಜನ ಬರುತ್ತಾರೆ. ನಮ್ಮ ತಾಲ್ಲೂಕು ಮಟ್ಟದ ಕೂಟಕ್ಕೆ ಹೋಗಿ ನೋಡಿ, ಸುಣ್ಣದ ಗೆರೆ ಎರಡನೇ ಹೀಟ್ಸ್ ಹೊತ್ತಿಗೆ ಅಳಿಸಿ ಹೋಗಿರುತ್ತದೆ.

ಈ ಕಿಟ್ ಬದಲಿಗೆ ಏನು ತಗೊಳ್ಳಬೇಕು ಅಂತ ಕೇಳಿದರೆ: ನಾನು ಬ್ರೂಸ್‌ಪೇಟೆಯ ಒಂದು ಅಂಗಡಿಯಲ್ಲಿ 350 ರೂಪಾಯಿಗೆ ಸ್ಟಾಪ್‌ವಾಚ್ ತಗೊಂಡೆ. ದಾರ ಬೇಗ ಕಿತ್ತುಹೋಗುತ್ತದೆ, ಬೇರೆ ಲಾಡಿ ಹಾಕಿಕೊಳ್ಳಿ. ಮಗಳ ನೂರು ಮೀಟರ್ ಅಳೆದೆ. 15.4. ಅವಳ ವಯಸ್ಸಿಗೆ ಮಾಮೂಲಿ ಟೈಮ್, ಕ್ಲಾಸಿನಲ್ಲೇ ಇಬ್ಬರು ಅವಳಿಗಿಂತ ಮುಂದೆ ಇದ್ದಾರೆ. ಇದನ್ನು ತಿಳಿಯಲು 24 ದಿನ ಬೇಕಾಗಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅಲ್ಲಿನ ಪಿಟಿ ಟೀಚರ್ ಹತ್ತಿರ ಹೋಗಿ ಸೆಟ್ಟರ್ ಆಡಿಸಿ ನೋಡಿ ಅಂದೆ. ಅವರು ಜಾಸ್ತಿ ಮಾತಾಡಲಿಲ್ಲ. "ಆಡ್ಲಿ, ನೋಡೋಣಂತೆ" ಅಂದರು. ಮೊದಲ ವಾರ ಚೆಂಡು ಎರಡು ಸಲ ಕೈಗೆ ತಾಗಿತು ಅಂತ ಡಬಲ್ ಟಚ್, ಡಬಲ್ ಟಚ್, ಸೀಟಿ ಮೇಲೆ ಸೀಟಿ. ನಾಲ್ಕನೇ ವಾರಕ್ಕೆ ಒಂದು ಚೆಂಡನ್ನು ಹಿಂದೆ ನೋಡದೇ ತಲೆ ಮೇಲಿಂದ ಬೆನ್ನ ಹಿಂದಕ್ಕೆ ಎತ್ತಿದಳು. ಎದುರಿನ ಮೂವರೂ ಎಡಗಡೆ ಹಾರಿ ನಿಂತಿದ್ದರು. ಬಲಗಡೆ ಹುಡುಗಿ ಆರಾಮಾಗಿ ಹೊಡೆದಳು. ನಾನು ಕಾಂಪೌಂಡ್ ಆಚೆ ಸ್ಕೂಟರ್ ಮೇಲೆ ಕೂತು ನೋಡುತ್ತಿದ್ದೆ. ಮುಂದೆ ದೊಡ್ಡ ಸೆಟ್ಟರ್ ಆಗುತ್ತಾಳೋ ಇಲ್ಲವೋ, ಗೊತ್ತಿಲ್ಲ. ಜಿಲ್ಲಾ ತಂಡಕ್ಕೆ ಈ ವರ್ಷ ಆರಿಸಿಲ್ಲ.

ಕೊನೆಗೆ ಮಾರ್ಕ್ಸ್. ಸ್ವಾಬ್, ಟ್ಯೂಬ್‌ಗೆ ಐದಕ್ಕೆ ಐದು. ಕೊರಿಯರ್‌ಗೆ ಮೂರು. ರಿಪೋರ್ಟ್‌ಗೆ ಒಂದು, ಅದೂ ನೀರು ಕುಡಿಯಿರಿ ಅಂದಿದ್ದಕ್ಕೆ. 21ನೇ ಪುಟಕ್ಕೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಹೋದ ವಾರ ಕಂಪನಿಯಿಂದ ಫೋನ್ ಬಂದಿತ್ತು. ನಿಮ್ಮದು ಎಲೈಟ್ ಪ್ರೊಫೈಲ್ ಮೇಡಂ, ಮುಂದಿನ ಪ್ಯಾಕೇಜ್ ಮೇಲೆ ಶೇಕಡಾ 20 ಡಿಸ್ಕೌಂಟ್ ಇದೆ ಅಂದರು. ಒಂದು ಕ್ಷಣ ಮನಸ್ಸು ಅಲುಗಾಡಿತು, ಸುಳ್ಳು ಯಾಕೆ ಹೇಳಲಿ.

ಡಬ್ಬಿ ಮಾತ್ರ ಬಿಸಾಡಿಲ್ಲ. ಬೆರಳಿಗೆ ಸುತ್ತುವ ಟೇಪು, ಸಣ್ಣ ಕತ್ತರಿ, ಸೀಟಿ ಅದರಲ್ಲಿ ಇಡುತ್ತಾಳೆ. ಮ್ಯಾಗ್ನೆಟ್ ಇನ್ನೂ ಗಟ್ಟಿಯಾಗಿದೆ.